ನದಿಯೊಳಗಿನ ಅಡುಗೆಮನೆ

ಫೆಬ್ರವರಿ 22, ಶನಿವಾರ

ರಿಜುಮೊನಿ ಓಡಿಹೋದಳು. ಬಿತ್ತನೆಯ ಲಿಗಾಂಗ್ ಹಬ್ಬದ ದಿನ, ಊರಿಗೆ ಊರೇ ಡೋಲು ಬಡಿದು ಕುಣಿಯುತ್ತಿದ್ದಾಗ, ನನ್ನ ಒಬ್ಬಳೇ ಮಗಳು ನದಿಯ ಆಚೆ ದಂಡೆಯ, ಇಂಜಿನ್ ರಿಪೇರಿ ಮಾಡುವ ನಿತುಲ್ ಮೆದೋಕನ ದೋಣಿ ಹತ್ತಿದಳು. ಮೂರು ದಿನದಿಂದ ನಾನು ಯಾರ ಹತ್ತಿರವೂ ಮಾತಾಡಿಲ್ಲ. ಅಂಗನವಾಡಿ ಮಕ್ಕಳ ಹತ್ತಿರವೂ ಕೈಸನ್ನೆಯಲ್ಲೇ ನಡೆಸಿದೆ. ಸಿಟ್ಟನ್ನು ಎಲ್ಲಾದರೂ ಚೆಲ್ಲಬೇಕಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಹಬ್ಬದ ಆ ಐದು ದಿನ ನಮ್ಮಲ್ಲಿ ನೆಲ ಉಳುವಂತಿಲ್ಲ, ಮರ ಕಡಿಯುವಂತಿಲ್ಲ, ಗದ್ದೆಗೆ ಬೆಂಕಿ ಹಚ್ಚುವಂತಿಲ್ಲ. ಕಂಡವರ ಮಗಳನ್ನು ಹಾರಿಸಿಕೊಂಡು ಹೋಗುವಂತಿಲ್ಲ ಎಂದು ಮಾತ್ರ ಹಿರಿಯರು ಸೇರಿಸಲಿಲ್ಲ. ಅವರಲ್ಲಿ ಮುಕ್ಕಾಲು ಪಾಲು ಜನ ಹಾಗೇ ಮದುವೆಯಾದವರು, ಅದಕ್ಕೇ ಇರಬೇಕು.

ಇವರು ಒಲೆಯ ಪಕ್ಕ ಕೂತು ಮೀನು ಸುಡುತ್ತಾ ಹೇಳಿದರು, "ನೀನೇನು ಡೋಲು ಬಾರಿಸ್ಕೊಂಡು ನನ್ನ ಮನೆಗೆ ಬಂದ್ಯಾ? ನೀನೂ ದೋಣಿ ಹತ್ತಿ ಬಂದವಳೇ."

ಅದು ಬೇರೆ ವಿಷಯ. ನಮ್ಮಮ್ಮ ಮದುವೆಗೆಂದು ಎರಡು ಹಂದಿ ಸಾಕಿರಲಿಲ್ಲ. ನಾನು ಸಾಕಿದ್ದೆ. ಎತ್ತರದ ಅಟ್ಟಣೆಯ ಮೇಲೆ ಕಟ್ಟಿದ ನಮ್ಮ ಮನೆಯ ಕೆಳಗೆ ಅವು ಈಗಲೂ ಗುರ್ ಗುರ್ ಎನ್ನುತ್ತಿವೆ. ನೋಡಿದಾಗಲೆಲ್ಲ ಸಿಟ್ಟು ನೆತ್ತಿಗೇರುತ್ತದೆ.

ಬೆಳಿಗ್ಗೆ ಹೋಗಿ ನದಿಯೊಳಗೆ ನಾನು ನೆಡಿಸಿದ ಕಂಬ ನೋಡಿಬಂದೆ. ನೆಟ್ಟಗಿದೆ. ಈ ಮನೆಯಲ್ಲಿ ನೆಟ್ಟಗಿರುವುದು ಅದೊಂದೇ.

ಮಾರ್ಚ್ 2, ಭಾನುವಾರ

ಇವತ್ತು ಆ ಇಂಜಿನ್ ರಿಪೇರಿಯವನ ಕಡೆಯ ಹಿರಿಯರು ಕ್ಷಮೆ ಕೇಳಲು ಬಂದಿದ್ದರು. ಅಕ್ಕಿಯ ಹೆಂಡ ಆಪೊಂಗ್ ತುಂಬಿದ ಎರಡು ಮಡಕೆ, ಬಾಳೆಲೆಯಲ್ಲಿ ಸುತ್ತಿದ ಒಣಮೀನು. ನಾನು ಆ ಆಪೊಂಗ್ ಕುಡಿದರೆ ಸಂಬಂಧ ಒಪ್ಪಿಕೊಂಡಂತೆ. ಕುಡಿಯುವವರೆಗೆ ಅವಳು ಈ ಮನೆಯ ಏಣಿ ಹತ್ತುವಂತಿಲ್ಲ, ಅವನು ಅಳಿಯನಾಗುವಂತಿಲ್ಲ. ಇದು ಅವರಿಗೂ ಗೊತ್ತು, ನನಗೂ ಗೊತ್ತು. ನಾನು ಕುಡಿಯಲಿಲ್ಲ.

ಅವನ ದೊಡ್ಡಪ್ಪ ಕೈ ಮುಗಿದು, "ಹುಡುಗ ಒಳ್ಳೇವ್ನು ತಾಯಿ. ಯಾವ ದೋಣಿ ಇಂಜಿನ್ ಕೆಟ್ರೂ ಕಣ್ಣು ಮುಚ್ಚಿ ರಿಪೇರಿ ಮಾಡ್ತಾನೆ" ಎಂದ.

"ಕಣ್ಣು ಬಿಟ್ಟು ಮಾಡೋಕೆ ಹೇಳಿ. ಇನ್ನೂ ಚೆನ್ನಾಗಿ ಆಗುತ್ತೆ" ಎಂದೆ.

ಇವರು ಕೆಮ್ಮಿನ ನೆಪ ಮಾಡಿಕೊಂಡು ನಕ್ಕರು. ನಾನು ನೋಡಿದೆ.

ಮಡಕೆ ವಾಪಸ್ಸು ಒಯ್ಯಿರಿ ಎಂದೆ. ಒಯ್ದರು. ಅಂದರೆ ಒಂದನ್ನು ಒಯ್ದರು. ಇನ್ನೊಂದು ಹಂದಿಗೂಡಿನ ಹಿಂದೆ ಉಳಿದಿರುವುದು ಸಂಜೆ ಕಣ್ಣಿಗೆ ಬಿತ್ತು. ಇದು ಇವರದೇ ಕೆಲಸ.

ಮಾರ್ಚ್ 3, ಸೋಮವಾರ

ಒಂದು ವಿಷಯ ಬರೆದಿಡುತ್ತೇನೆ, ಯಾರಿಗೂ ಹೇಳುವುದಿಲ್ಲ. ಇವರು ಬಲೆ ಹಾಕಲು ಹೋದಾಗ ಆ ಮಡಕೆ ಬಿಚ್ಚಿದೆ. ಕುಡಿಯಲು ಅಲ್ಲ. ಈ ಸುತ್ತಿನ ಹಳ್ಳಿಗಳಲ್ಲಿ ನನ್ನಷ್ಟು ಚೆನ್ನಾಗಿ ಆಪೊಂಗ್ ಇಳಿಸುವವರು ಇಲ್ಲ ಎಂದು ನಾನು ಹೇಳುವುದಲ್ಲ, ಊರೇ ಹೇಳುತ್ತದೆ. ಮಗಳು ಯಾವ ಕೈಯ ಅಡುಗೆ ಉಣ್ಣುತ್ತಿದ್ದಾಳೆ ಎಂದು ತಿಳಿಯಬೇಡವೇ? ಅರ್ಧ ಬಟ್ಟಲು ಬಗ್ಗಿಸಿಕೊಂಡೆ. ಅಭ್ಯಾಸಬಲದಿಂದ ಮೊದಲ ಹನಿಯನ್ನು ಒಲೆಯ ಮೂಲೆಗೆ, ತೀರಿಹೋದ ಹಿರಿಯರಿಗೆ, ಬಿಟ್ಟೆ. ಆಮೇಲೆ ನಾಲಗೆಗೆ ಹಚ್ಚಿ ನೋಡಿದೆ.

ಅನ್ನಕ್ಕೆ ಬೆರೆಸುವ ಭತ್ತದ ಹೊಟ್ಟನ್ನು ಅತಿಯಾಗಿ ಸುಟ್ಟಿದ್ದಾರೆ. ಬಣ್ಣ ಬಂದಿದೆ, ಹಿಂದೆ ಕಹಿ ನಿಂತಿದೆ. ಅನ್ನ ಆರುವ ಮೊದಲೇ ಹುದುಗು ಬೆರೆಸಿದ್ದಾರೆ. ಅವನ ತಾಯಿಗೆ ಆತುರ ಜಾಸ್ತಿ. ಮಗನೂ ಹಾಗೇ.

ರುಚಿ ನೋಡುವುದು ಕುಡಿಯುವುದಲ್ಲ. ಬಟ್ಟಲು ಖಾಲಿಯಾಗಿತ್ತು, ಆದರೆ ಅದು ಚಿಕ್ಕ ಬಟ್ಟಲು.

ಮಾರ್ಚ್ 16, ಭಾನುವಾರ

ರಿಜುವಿನ ಮಗ್ಗದಲ್ಲಿ ಅರ್ಧ ನೇಯ್ದ ಬಟ್ಟೆ ಹಾಗೇ ಬಿದ್ದಿತ್ತು. ನೂಲು ಇಲಿಪಾಲಾಗಬಾರದೆಂದು ಕೂತೆ. ಹೆಣ್ಣುಮಕ್ಕಳ ಬಟ್ಟೆಗೆ ನೂಲು ಸಾಲದು, ಗಂಡಸಿನ ಒಂದು ಮೇಲಂಗಿಗೆ ಸರಿಹೋಗುತ್ತದೆ.

ಪಕ್ಕದ ಮನೆ ಬಿಜುಲಿ ಬಂದು ಅಗಲ ಅಳೆದಳು. "ಅಕ್ಕಾ, ಇದು ನಿಮ್ಮ ಯಜಮಾನ್ರಿಗೆ ದೊಗಲೆ ಆಗುತ್ತೆ. ಅವ್ರು ಮೂರು ಸಲ ಸುತ್ಕೋಬೇಕು."

"ಒಗೆದ್ರೆ ಕುಗ್ಗುತ್ತೆ" ಎಂದೆ.

"ಅಷ್ಟೊಂದು ಕುಗ್ಗುತ್ತಾ?"

ಇವಳಿಗೆ ಬೇರೆ ಕೆಲಸವಿಲ್ಲ.

ಮಾರ್ಚ್ 27, ಗುರುವಾರ

ನೀರು ತೀರ ಇಳಿದಿದೆ. ನದಿಯಾಚೆ ಯಾರೋ ಬಟ್ಟೆ ಒಗೆಯುತ್ತಿದ್ದರು. ಬಟ್ಟೆ ಎತ್ತಿ ಬಡಿಯುವ ಮೊದಲು ಒಮ್ಮೆ ನಿಂತು ಜಡೆ ಹಿಂದಕ್ಕೆಸೆಯುವ ರೀತಿ ಗುರುತಿನದು. ಯಾರಾದರೆ ನನಗೇನು. ಬಿಸಿಲು ಏರುವವರೆಗೆ ಕಂಬದ ಹತ್ತಿರವೇ ಇದ್ದೆ, ಕಂಬಕ್ಕೆ ಸುತ್ತಿಕೊಂಡ ಕಸ ತೆಗೆಯಬೇಕಿತ್ತು.

ಆ ಕಂಬವಿರುವ ಕಡೆ ನಮ್ಮ ಅಡುಗೆಮನೆಯಿತ್ತು. ಅತ್ತೆಯ ಒಲೆ, ಅದರ ಮೇಲೆ ಮೀನು ಒಣಗಿಸುವ ಅಟ್ಟ, ಎಡಕ್ಕೆ ನೀರಿನ ಕೊಡಗಳ ಜಾಗ. ಮೂರು ಮಳೆಗಾಲದ ಹಿಂದೆ ದಂಡೆ ಕುಸಿಯಿತು. ಮನೆ ಬಿಚ್ಚಿ ಹಿಂದಕ್ಕೆ ತಂದು ಕಟ್ಟಿದೆವು, ಒಲೆಯ ಕೆಂಡವನ್ನು ಮಡಕೆಯಲ್ಲಿ ತಂದೆ. ಮುಂದಿನ ಬೇಸಿಗೆಯಲ್ಲಿ ನೀರು ಇಳಿದಾಗ ಇವರಿಂದ ಅಲ್ಲೊಂದು ಕಂಬ ಹೊಡೆಸಿದೆ. ಊರು ನಕ್ಕಿತು. ನಗಲಿ. ನದಿ ಕದಿಯುವುದಿಲ್ಲ, ಕಡ ಒಯ್ಯುತ್ತದೆ ಎನ್ನುತ್ತಿದ್ದರು ಅತ್ತೆ. ಮಾವನ ಗದ್ದೆ ಹೋಗಿ, ಅವರು ಬದುಕಿರುವಾಗಲೇ ಮರಳುದಿಬ್ಬವಾಗಿ ವಾಪಸ್ಸು ಬಂದಿತ್ತು. ನನ್ನ ಅಡುಗೆಮನೆಯೂ ಬರುತ್ತದೆ. ಬಂದಾಗ ಯಾವುದು ನನ್ನದೆಂದು ಗುರುತು ಬೇಡವೇ?

ಏಪ್ರಿಲ್ 20, ಭಾನುವಾರ

ಬರುವ ಬುಧವಾರ ದೊಬುರ್ ಎಂದು ನಮ್ಮೂರ ಪೂಜಾರಿ ಮಿಬು ನಿಶ್ಚಯಿಸಿದ. ಮಳೆಗಾಲದ ಮೊದಲು ಕೇಡು ತರುವ ಪೀಡೆಗಳನ್ನು ಊರಾಚೆ ಅಟ್ಟಬೇಕು. ಅವತ್ತು ಹೊರಗಿನ ಒಂದು ನರಪಿಳ್ಳೆಯೂ ಒಳಗೆ ಕಾಲಿಡುವಂತಿಲ್ಲ. ಇಟ್ಟರೆ ದೊಬುರ್ ಮುರಿದಂತೆ. ಇಟ್ಟವನು ಹಂದಿ ಕೊಟ್ಟು ಮತ್ತೆ ಮಾಡಿಸಬೇಕು, ಮುಂದಿನ ವರ್ಷದ ದೊಬುರ್‌ವರೆಗೆ ಅವನೂ ಅವನ ಮನೆಯವರೂ ನಮ್ಮೂರು ತುಳಿಯುವಂತಿಲ್ಲ.

ಇವರು ಊಟದ ಹೊತ್ತಿಗೆ ತಲೆ ಕೆರೆದುಕೊಂಡರು. ಇವರು ತಲೆ ಕೆರೆದುಕೊಂಡರೆ ಏನೋ ಇದೆ ಎಂದೇ ಅರ್ಥ.

"ನಾಳೆ ಬೆಳಿಗ್ಗೆ ಹುಲ್ಲು ಕೊಯ್ಯೋಕೆ ಮರಳುದಿಬ್ಬಕ್ಕೆ ಹೋಗ್ತೀನಿ. ಬುಧವಾರ ಬೆಳಕು ಹರಿಯೋಕೆ ಮೊದ್ಲೇ ವಾಪಸ್ ಬರ್ತೀನಿ. ಒಂದ್ ಮಾತು. ಆ ಮಕ್ಕಳಿಗೆ ಬುಧವಾರ ಬನ್ನಿ ಅಂದಿದ್ದೆ, ನಿನ್ನ ಒಪ್ಪಿಸೋಣ ಅಂತ. ದೊಬುರ್ ಅವತ್ತೇ ಬೀಳುತ್ತೆ ಅಂತ ನನಗೇನು ಕನಸೇ? ಬರಬೇಡಿ ಅಂತ ಒಂದು ಮಾತು ಹೇಳಿಕಳ್ಸು."

"ಯಾವ ಮಕ್ಕಳು?"

"ಏ, ಹಟ ಬಿಡೇ."

"ಹೇಳಿಕಳಿಸೋಕೆ ಆಚೆ ದಂಡೆಲಿ ನನಗ್ಯಾರೂ ಇಲ್ಲ" ಎಂದೆ.

ಇವರು ಎದ್ದು ಕೈ ತೊಳೆದರು.

ಏಪ್ರಿಲ್ 22, ಮಂಗಳವಾರ

ಎಲ್ಲರ ಮನೆಯಿಂದಲೂ ಕೊಟ್ಟ ಹೆಣ್ಣುಮಕ್ಕಳಿಗೆ, ಬೀಗರಿಗೆ ಸುದ್ದಿ ಹೋಯಿತು. ಬಿಜುಲಿ ಫೋನು ಹಿಡಿದು ನನ್ನ ಏಣಿಯ ಕೆಳಗೇ ನಿಂತಳು. "ಅಕ್ಕಾ, ನಂಬರ್ ಒತ್ಲಾ?"

ಬೇಡ ಎಂದೆ. ಆಮೇಲೆ ಎರಡು ಸಲ ಕೆಳಗಿಳಿದು ಅವಳ ಮನೆಯ ಕಡೆ ಹೋದೆ. ಒಂದು ಸಲ ಉಪ್ಪು ಕೇಳಿ ತಂದೆ. ಇನ್ನೊಂದು ಸಲ ಆ ಉಪ್ಪನ್ನೇ ವಾಪಸ್ಸು ಕೊಟ್ಟೆ.

ಇವರು ಅಲ್ಲಿಂದಲೇ ಹೇಗಾದರೂ ತಿಳಿಸಿರುತ್ತಾರೆ.

ಏಪ್ರಿಲ್ 23, ಬುಧವಾರ

ತಿಳಿಸಿರಲಿಲ್ಲ. ದಿಬ್ಬದಲ್ಲಿ ಸಿಗ್ನಲ್ ಇಲ್ಲವಂತೆ.

ಬೆಳಿಗ್ಗೆ ಹುಡುಗರು ಕೋಲು ಹಿಡಿದು ಊರಿನ ಆ ತುದಿಯಿಂದ ಒಂದೊಂದೇ ಮನೆಯ ಗೋಡೆ ಬಡಿಯುತ್ತಾ, ಕೂಗುತ್ತಾ ಬಂದರು. ಹೆಂಗಸರೆಲ್ಲ ಒಳಗೇ. ಬಿಜುಲಿಯ ಮಗ ಪೊಲಾಶ್ ಈ ಸಲದ ಮುಂದಾಳು. ನನ್ನ ತಡಿಕೆ ಗೋಡೆಗೆ ಅವನು ಕೊಟ್ಟ ಏಟಿಗೆ ಬುಟ್ಟಿ ಉರುಳಿತು.

"ಪೀಡೆ ಓಡಿಸೋಕೆ ಬಂದ್ಯೋ, ನನ್ನ ಮನೆ ಬೀಳಿಸೋಕೆ ಬಂದ್ಯೋ?" ಎಂದು ಒಳಗಿನಿಂದ ಕೂಗಿದೆ.

"ದೊಡ್ಡಮ್ಮಾ, ನಿಮ್ಮನೇಲಿ ಸಿಟ್ಟಿನ ಪೀಡೆ ಗಟ್ಟಿಯಾಗಿ ಕೂತಿದೆ. ಅದಕ್ಕೇ ಎರಡೇಟು ಜಾಸ್ತಿ" ಎಂದ ಆ ಮಂಗ. ಎಲ್ಲರೂ ನಕ್ಕರು.

ನಗು ನಿಲ್ಲುವ ಮೊದಲೇ ಯಾರೋ "ದೋಣಿ! ದೋಣಿ!" ಎಂದರು. ತಡಿಕೆಯ ಸಂದಿಯಿಂದ ನೋಡಿದೆ. ದೋಣಿಯೊಂದು ಗುಡುಗುಡು ಎನ್ನುತ್ತಾ ಬಂದು, ದಡಕ್ಕೆ ಸ್ವಲ್ಪ ದೂರವಿರುವಾಗ ಕೆಮ್ಮಿ, ಸದ್ದಡಗಿತು. ತೇಲಿಕೊಂಡು ಬಂದು ನನ್ನ ಕಂಬಕ್ಕೆ ತಗುಲಿತು. ಅವನು ಎದ್ದು ಹಗ್ಗವನ್ನು ಕಂಬಕ್ಕೆ ಕಟ್ಟಿದ. ಅವನ ಹಿಂದೆ, ಮಡಿಲಲ್ಲಿ ಮಡಕೆ ಇಟ್ಟುಕೊಂಡು, ನನ್ನ ಮಗಳು.

ಊರವರ ದೋಣಿಗಳೂ ಇವತ್ತು ನೀರಿಗಿಳಿಯುವಂತಿಲ್ಲ, ಎಳೆದುಕೊಂಡು ಹೋಗಿ ಬಿಡೋಣವೆಂದರೆ ಆಗದು. ಹುಡುಗರು ದಡದಲ್ಲಿ ಸಾಲಾಗಿ ನಿಂತು ಇಳಿಯಬೇಡಿ ಎಂದರು. ಅವರು ಇಳಿಯಲಿಲ್ಲ. ಅವನು ಇಂಜಿನ್ ಬಿಚ್ಚಿಕೊಂಡು ಕೂತ. ಕಣ್ಣು ಮುಚ್ಚಿ ರಿಪೇರಿ ಮಾಡುವವನಿಗೆ ಇವತ್ತು ಕಣ್ಣು ಬಿಟ್ಟರೂ ಆಗಲಿಲ್ಲ. ಗಂಡಸರು ಬಲಿ ಕೊಟ್ಟು, ಊರಾಚೆ ಉಂಡು ಬರುವವರೆಗೂ ಇಬ್ಬರೂ ನೀರಿನ ಮೇಲೇ.

ಬಿಸಿಲು ನೆತ್ತಿಗೇರಿತು. ಅವಳ ತಲೆಯ ಮೇಲೆ ಒಂದು ಚೂರು ಬಟ್ಟೆಯಿಲ್ಲ. ತಡೆದುಕೊಂಡೆ, ತಡೆದುಕೊಂಡೆ, ಆಗಲಿಲ್ಲ.

"ತಲೆ ಮೇಲೆ ಬಟ್ಟೆ ಹಾಕ್ಕೊಳ್ಳೇ, ಕತ್ತೇ! ಬಿಸಿಲು ಕಾಣ್ಸಲ್ವಾ?" ಎಂದು ಒಳಗಿನಿಂದಲೇ ಕಿರುಚಿದೆ.

ಅಷ್ಟು ದೂರದಿಂದ ಅವಳು ಉತ್ತರ ಕೊಟ್ಟಳು, "ಹಾಕ್ಕೋತೀನಿ ಅಮ್ಮಾ!"

ಅವಳು ಓಡಿಹೋದಮೇಲೆ ನಾವಾಡಿದ ಮೊದಲ ಮಾತು ಇದು.

ಸಂಜೆಗೆ ಹೇಗೋ ಇಂಜಿನ್ ಶುರುವಾಯಿತು. ಊರವರು ದೂರದಿಂದಲೇ ಅವರನ್ನು ಕಳಿಸಿ, ನಾಳೆ ಪಂಚಾಯಿತಿಗೆ ಬರಲು ಹೇಳಿದರು. ಒಂದು ವರ್ಷ. ಒಂದು ಪೂರ್ತಿ ವರ್ಷ ಅವಳು ಬರುವಂತಿಲ್ಲವೆಂದರೆ ನಾನೇನು ಮಾಡಲಿ? ಸುದ್ದಿ ಕಳಿಸಲು ಆ ದಿಬ್ಬದಲ್ಲಿ ಒಂದು ಟವರ್ ಹಾಕಿಸಬಾರದೇ ಸರ್ಕಾರ?

ಏಪ್ರಿಲ್ 24, ಗುರುವಾರ

ಬರೆಯಲು ತುಂಬಾ ಇದೆ.

ಊರ ಮಂಟಪದಲ್ಲಿ ಎಲ್ಲರೂ ಸೇರಿದ್ದರು. ಊರಿನ ಮುಖ್ಯಸ್ಥ ಹಿರಿಯ ಗಾಂವ್‌ಬುಢಾ ನಡುವೆ, ಅವರ ಪಕ್ಕ ಮಿಬು. ನಿತುಲ್ ಮತ್ತು ರಿಜು ಹೊಸ್ತಿಲಾಚೆ ನಿಂತಿದ್ದರು. ಅವಳು ಸ್ವಲ್ಪ ಕಪ್ಪಾಗಿದ್ದಾಳೆ, ಮೈ ಕೈ ತುಂಬಿಕೊಂಡಿದ್ದಾಳೆ. ಅವನ ತಾಯಿ ಆಪೊಂಗ್ ಕೆಡಿಸಿದರೂ ಅನ್ನ ಸರಿಯಾಗಿ ಹಾಕುತ್ತಾಳೆ ಎಂದಾಯಿತು.

"ಅಜ್ಜಾ, ನಾನು ದಡ ಮುಟ್ಟೇ ಇಲ್ಲ" ಎಂದ ನಿತುಲ್. "ಕೋಲಿನ ಸದ್ದು ಕೇಳಿದ ತಕ್ಷಣ ದೊಬುರ್ ಅಂತ ಗೊತ್ತಾಯ್ತು. ತಿರುಗಿಸೋಣ ಅಂದ್ರೆ ಇಂಜಿನ್ ಕೈಕೊಡ್ತು. ಸೆಳವಿಗೆ ಸಿಕ್ಕಿ ಹೋಗಬಾರದು ಅಂತ ಕಂಬಕ್ಕೆ ಕಟ್ಟಿದೆ. ನದಿ ಊರಲ್ಲ ಅಲ್ವಾ?"

ಪೊಲಾಶ್ ಎದ್ದ. "ನದಿ ಊರಲ್ಲ, ಸರಿ. ಆದ್ರೆ ಆ ಕಂಬ ಇರೋದು ನದೀಲಲ್ಲ, ದೊಡ್ಡಮ್ಮನ ಅಡುಗೆಮನೇಲಿ. ಮೂರು ವರ್ಷದಿಂದ ಅವ್ರೇ ಹೇಳ್ತಿದ್ದಾರೆ. ಹೋದ ಸಲ ನಾನು ಅಲ್ಲಿ ಬಲೆ ಹಾಕಿದ್ದಕ್ಕೆ, ನನ್ನ ಒಲೆ ಮೇಲೆ ಬಲೆ ಹಾಕ್ತೀಯೇನೋ ಅಂತ ಓಡಿಸ್ಕೊಂಡು ಬಂದ್ರು!"

ಎಲ್ಲರೂ ಹೋ ಎಂದು ನಕ್ಕರು. ಆಮೇಲೆ ನಗು ತಾನಾಗಿಯೇ ನಿಂತಿತು. ಮಾತು ನಿಜವಾಗಿತ್ತು.

ಗಾಂವ್‌ಬುಢಾ ನನ್ನ ಕಡೆ ತಿರುಗಿದರು. ಮೆತ್ತಗೆ ಹೇಳಿದರು, "ಮೊನೇಶ್ವರಿ, ನಿನ್ನ ಬಾಯಲ್ಲೇ ಇದೆ. ಆ ಜಾಗ ನದೀದು ಅಂತ ಒಂದು ಮಾತು ಹೇಳಿಬಿಡು. ಹುಡುಗ ಊರೊಳಗೆ ಬಂದೇ ಇಲ್ಲ ಅಂತಾಗುತ್ತೆ. ಎಲ್ಲರೂ ಮನೆಗೆ ಹೋಗೋಣ."

ಎದ್ದು ನಿಂತೆ. ಹೇಳಿಬಿಡಬೇಕೆಂದೇ ಎದ್ದೆ. ಒಂದು ಕಂಬ, ಒಂದಿಷ್ಟು ನೀರು, ಅಷ್ಟೇ ತಾನೇ? ಬಾಯಿ ತೆರೆದೆ. ಅತ್ತೆಯ ಒಲೆ ಕಣ್ಣಿಗೆ ಬಂತು. ಮದುವೆಯಾದ ಹೊಸತರಲ್ಲಿ ನನಗೆ ಹನಿ ಬಿಡುವುದನ್ನು ಕಲಿಸಿದ್ದು ಆ ಒಲೆಯ ಮೂಲೆಯಲ್ಲಿ. ನಮ್ಮ ಹಿರಿಯರೆಲ್ಲ ಕೂತಿದ್ದು ಅಲ್ಲಿ. ಅದು ನದಿಯದೆಂದು ನಾನು ಹೇಳಿದರೆ ಅವರೆಲ್ಲ ಎಲ್ಲಿಗೆ ಹೋಗಬೇಕು? ರಿಜು ನನ್ನನ್ನೇ ನೋಡುತ್ತಿದ್ದಳು.

"ಹೇಳಲ್ಲ" ಎಂದೆ. "ಅದು ನನ್ನ ಅಡುಗೆಮನೆ. ನದಿ ಕಡ ಒಯ್ದಿದೆ, ಕೊಡುತ್ತೆ."

"ಹಾಗಾದ್ರೆ ಹುಡುಗ ದೊಬುರ್ ಮುರಿದ" ಎಂದ ಮಿಬು.

"ಹೇಗೆ ಮುರಿದ? ಅವನು ಬಂದಿದ್ದು ನನ್ನ ಅಡುಗೆಮನೆಗೆ. ಹೊರಗಿನವರು ಬರಬಾರದು ಅಂತ ತಾನೇ ಕಟ್ಟಲೆ? ಅತ್ತೆ ಅಡುಗೆಮನೇಲಿ ಕೂತ ಅಳಿಯ ಹೊರಗಿನವನು ಹೇಗಾಗ್ತಾನೆ?"

ಇವರು ಬಾಯಿ ತೆರೆದವರು ಮುಚ್ಚಲಿಲ್ಲ.

ಮಿಬು ಬಿಡುವ ಆಸಾಮಿಯಲ್ಲ. "ಅಳಿಯ ಅನ್ನೋಕೆ ನೀನು ಅವ್ರ ಆಪೊಂಗ್ ಕುಡಿದಿಲ್ವಲ್ಲ? ಮಡಕೆ ವಾಪಸ್ ಕಳಿಸಿದ್ದು ಊರಿಗೇ ಗೊತ್ತು."

"ಒಂದು ಕಳಿಸಿದೆ."

"ಇನ್ನೊಂದು?"

"ಹಂದಿಗೂಡಿನ ಹಿಂದೆ ಇತ್ತು. ಮಾರನೇ ದಿನ ರುಚಿ ನೋಡಿದೆ."

"ರುಚಿ ನೋಡೋದು ಕುಡಿಯೋದಾ?" ಎಂದ ಪೊಲಾಶ್. ನನ್ನ ಮಾತನ್ನು ನನಗೇ ತಿರುಗಿಸಿದ ಹಾಗಾಯಿತು.

ಗಾಂವ್‌ಬುಢಾ ಕೈಯೆತ್ತಿ ಅವನನ್ನು ಸುಮ್ಮನಾಗಿಸಿ ಒಂದೇ ಪ್ರಶ್ನೆ ಕೇಳಿದರು. "ಮೊದಲು ಹಿರಿಯರಿಗೆ ಬಿಟ್ಯಾ?"

"ಬಿಟ್ಟೆ. ಒಲೆ ಮೂಲೆಗೆ. ಆ ಒಲೇಲಿ ಉರೀತಿರೋದು ಹಳೇ ಒಲೆಯ ಕೆಂಡವೇ."

"ಹಿರಿಯರು ಕುಡಿದಮೇಲೆ ಮುಗೀತು" ಎಂದರು ಅವರು. "ಅವ್ರು ಒಪ್ಪಿದ್ದನ್ನ ಬೇಡ ಅನ್ನೋಕೆ ನಾವ್ಯಾರು? ಮಾರ್ಚ್ ತಿಂಗಳಿಂದಲೇ ಇವನು ಈ ಊರಿನ ಅಳಿಯ. ದೊಬುರ್ ಮುರಿದಿಲ್ಲ." ಆಮೇಲೆ ಕಣ್ಣು ಕಿರಿದು ಮಾಡಿಕೊಂಡು, "ಆಪೊಂಗ್ ಹೇಗಿತ್ತು?" ಎಂದರು.

"ಹೊಟ್ಟು ಸುಟ್ಟು ಕರಕಲು. ಅನ್ನ ಆರೋಕೂ ಬಿಟ್ಟಿರಲಿಲ್ಲ."

ಹೊಸ್ತಿಲಾಚೆಯಿಂದ ರಿಜು ನಗು ತಡೆಯಲಾರದೆ, "ಅಮ್ಮಾ, ಅದನ್ನ ಮಾಡಿದ್ದು ನಾನು!" ಎಂದಳು.

ಆಮೇಲೆ ಯಾರು ಯಾರ ಮಾತು ಕೇಳಿದರು? ನಗುವಿನ ನಡುವೆ ಗಾಂವ್‌ಬುಢಾ ನನಗೇ ದಂಡ ಹಾಕಿದರು. ಊರಿಗೆ ಹೇಳದೆ ಒಬ್ಬಳೇ ಸಂಬಂಧದ ಆಪೊಂಗ್ ಕುಡಿದದ್ದಕ್ಕೆ ಒಂದು ದೊಡ್ಡ ಮಡಕೆ. ನನ್ನ ಕೈಯದ್ದೇ ಆಗಬೇಕಂತೆ.

ರಿಜು ಏಣಿ ಹತ್ತಿ ಮನೆಯೊಳಗೆ ಬಂದಳು. ನಾನು ಬೈಯಲು ಶುರುಮಾಡಿದೆ. ಎಲ್ಲಿಂದ ಶುರುಮಾಡಬೇಕೆಂದು ತಿಳಿಯದೆ ಅಳು ಬಂತು. ಅವಳೂ ಅತ್ತಳು. ಇವರು ಒಣಮೀನು ಹುಡುಕುವ ನೆಪದಲ್ಲಿ ಒಲೆಯ ಕಡೆ ಮುಖ ತಿರುಗಿಸಿದರು.

ಮೇಲಂಗಿ ನಿತುಲ್‌ಗೆ ಅಳತೆ ತೆಗೆದು ಮಾಡಿದ ಹಾಗೆ ಹಿಡಿಸಿತು. ನೂಲು ಉಳಿದಿತ್ತೆಂದು ನೇಯ್ದದ್ದು, ಕಾಕತಾಳೀಯ. ಬಿಜುಲಿಯನ್ನು ಮಾತ್ರ ಏನೂ ಮಾತಾಡಲು ಬಿಡಲಿಲ್ಲ.

ಮೇ 9, ಶುಕ್ರವಾರ

ಒಂದು ಹಂದಿ ಮುಗಿಯಿತು, ಊರೂಟ ಆಯಿತು. ನನ್ನ ದಂಡದ ಮಡಕೆ ಬೆಳಗಾಗುವುದರೊಳಗೆ ಖಾಲಿ. ರಿಜುಗೆ ಹೊಟ್ಟು ಎಷ್ಟು ಸುಡಬೇಕೆಂದು ಕೂರಿಸಿಕೊಂಡು ಮತ್ತೆ ತೋರಿಸಿದೆ. ಇಪ್ಪತ್ತು ವರ್ಷ ನನ್ನ ಪಕ್ಕದಲ್ಲೇ ಇದ್ದು ಏನು ನೋಡುತ್ತಿದ್ದಳೋ. ನದಿಯಾಚೆ ನೋಡುತ್ತಿದ್ದಳು ಎಂದು ಈಗ ಗೊತ್ತಾಗಿದೆ.

ಜೂನ್ 15, ಭಾನುವಾರ

ಮೂರು ದಿನದಿಂದ ನೀರು ಏರುತ್ತಿದೆ. ನಿನ್ನೆ ಕಂಬ ಹೋಯಿತು. ಇವರು ಹೆದರಿಕೊಂಡೇ ಹೇಳಿದರು, ನಾನು ಕೂಗಾಡುತ್ತೇನೆಂದು. ಅನ್ನ ಹರಡಿ ಆರಲು ಬಿಟ್ಟಿದ್ದೆ, ಕೋಳಿ ಬಾಯಿ ಹಾಕದಂತೆ ಕಾಯಬೇಕಿತ್ತು. ಹೋಗಲಿ ಬಿಡಿ ಎಂದೆ.

ಮಧ್ಯಾಹ್ನ ಇಂಜಿನ್ ಸದ್ದು ಕೇಳಿತು. ರಿಜು, ಅಳಿಯ, ಒಂದು ಮಡಕೆ. ಎಲ್ಲಿ ನೋಡಿದರೂ ಕೆಂಪು ನೀರು, ಗುರುತೆಂಬುದೇ ಇಲ್ಲ. ನಿತುಲ್ ದೋಣಿಯಲ್ಲಿ ನಿಂತು ಕೂಗಿದ, "ಅತ್ತೇ, ದೋಣಿ ಎಲ್ಲಿ ನಿಲ್ಲಿಸ್ಲಿ?"

"ಅಡುಗೆಮನೇಲಿ ನಿಲ್ಸಪ್ಪಾ" ಎಂದೆ.

ಅವನು ದಂಡೆ ನೋಡಿದ, ನಮ್ಮ ಮನೆ ನೋಡಿದ, ಇಂಜಿನ್ ಆರಿಸಿ ತೇಲಿ ಬಂದು ಲಂಗರು ಬಿಟ್ಟ. ನಾನು ಏಣಿಯ ಮೇಲಿನಿಂದ ನೋಡುತ್ತಿದ್ದೆ. ಎರಡು ಮೊಳ ಎಡಕ್ಕೆ ಆಯಿತು. ಅದು ನೀರಿನ ಕೊಡ ಇಡುತ್ತಿದ್ದ ಜಾಗ. ಪರವಾಗಿಲ್ಲ, ಒಲೆಯ ಪಕ್ಕವೇ.